ಟೈಲರು ಸೈಕಲ್ಲಿನಿಂದ ಇಳಿದದ್ದು

ನಮ್ಮ ಟೈಲರಿಗೆ ಊರಿನ ಅರ್ಧ ಜನರ ಸೊಂಟದ ಅಳತೆ ಬಾಯಿಪಾಠವಾಗಿತ್ತು. ತಮ್ಮ ಸೊಂಟದ ಅಳತೆ ಮಾತ್ರ ಹತ್ತು ವರ್ಷದಿಂದ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದು ಅವರೇನೂ ಹಟ ಹಿಡಿದಿರಲಿಲ್ಲ. ತನ್ನ ಸೊಂಟವನ್ನು ತಾನೇ ಅಳೆದುಕೊಳ್ಳಲು ಹೋದರೆ ಟೇಪು ಸೊಟ್ಟಗಾಗುತ್ತದೆ, ಸೊಟ್ಟ ಅಳತೆಗಿಂತ ಅಳತೆ ಇಲ್ಲದಿರುವುದೇ ವಾಸಿ ಎಂಬುದು ಅವರ ವೃತ್ತಿಧರ್ಮ. ಪ್ಯಾಂಟು ಬಿಗಿಯಾದಾಗಲೆಲ್ಲ ಹಿಂದಿನ ಹೊಲಿಗೆ ಬಿಚ್ಚಿ, ಒಳಗೆ ಮಡಿಚಿಟ್ಟಿದ್ದ ಬಟ್ಟೆಯಲ್ಲಿ ಅರ್ಧರ್ಧ ಇಂಚು ಸಡಿಲ ಬಿಟ್ಟುಕೊಂಡು ಕಾಲ ಹಾಕುತ್ತಿದ್ದರು. ಒಂದು ಭಾನುವಾರ ಬಿಚ್ಚಿ ನೋಡಿದರೆ ಒಳಗಿನ ಬಟ್ಟೆ ಮುಗಿದುಹೋಗಿತ್ತು.

ಹೊಸ ಪ್ಯಾಂಟು ಹೊಲಿಯಲೇಬೇಕಾಯಿತು. ಅಳತೆ ಹಿಡಿಯಲು ಹೆಂಡತಿಯನ್ನು ಕರೆದರು.

"ಮೂವತ್ತೊಂಬತ್ತೂವರೆ," ಎಂದರು ಆಕೆ.

"ಸರಿಯಾಗಿ ಹಿಡಿ. ಟೇಪು ಜಾರಿದೆ."

"ಜಾರೋಕೆ ಜಾಗ ಎಲ್ಲಿದೆ? ಮೂವತ್ತೊಂಬತ್ತೂವರೆ."

"ಹಳೇ ಟೇಪು ಕಣೇ. ಎಳೆದೂ ಎಳೆದೂ ಹಿಗ್ಗಿದೆ."

"ಹಿಗ್ಗಿದ್ರೆ ಕಡಿಮೆ ತೋರಿಸಬೇಕಲ್ವಾ? ಹೊಸ ಟೇಪು ತಂದು ಅಳೆದ್ರೆ ನಲವತ್ತು ದಾಟುತ್ತೆ."

ಟೈಲರು ಟೇಪಿನ ಗುಣಮಟ್ಟದ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿದರು. ನಿಲ್ಲಿಸಿ, ಮರುದಿನದಿಂದಲೇ ಸ್ಕೂಟರು ಬಿಟ್ಟು ಅಂಗಡಿಗೆ ಸೈಕಲ್ಲಿನಲ್ಲಿ ಹೋಗುವುದಾಗಿ ಘೋಷಿಸಿದರು.

"ಕಾಲು ಗಂಟೆ ದಾರಿ. ನಡ್ಕೊಂಡು ಹೋಗಬಹುದಲ್ಲ," ಎಂದರು ಹೆಂಡತಿ.

"ನಡೆಯೋದು ಯಾರು ಬೇಕಾದ್ರೂ ನಡೀತಾರೆ."

"ನೀವು ಸೈಕಲ್ ಬಿಟ್ಟು ಇಪ್ಪತ್ತು ವರ್ಷ ಆಯ್ತು."

"ಅದು ಮರೆತುಹೋಗೋ ವಿದ್ಯೆ ಅಲ್ಲ. ಒಂದು ಕಾಲದಲ್ಲಿ ಎರಡೂ ಕೈ ಬಿಟ್ಟು ಹೊಡೀತಿದ್ದೆ."

"ಯಾವ ಕಾಲದಲ್ಲಿ?"

"ಮದುವೆಗೆ ಮುಂಚೆ."

"ಮದುವೆಗೆ ಮುಂಚೆ ನೀವು ಮಾಡಿದ್ದೆಲ್ಲಾ ದೊಡ್ಡ ದೊಡ್ಡ ಕೆಲಸವೇ. ಸಾಕ್ಷಿ ಮಾತ್ರ ಒಬ್ಬರೂ ಸಿಗಲ್ಲ."

ಸೈಕಲ್ಲು ಮನೆಯಲ್ಲೇ ಇತ್ತು. ಹೆಂಡತಿಯ ತಮ್ಮ ಆರು ವರ್ಷದ ಹಿಂದೆ ಬೇರೆ ಊರಿಗೆ ಹೋಗುವಾಗ ಮೆಟ್ಟಿಲ ಕೆಳಗೆ ನಿಲ್ಲಿಸಿ ಹೋದದ್ದು, ಹಾಗೇ ನಿಂತಿತ್ತು. ಈ ಬಾಮೈದನ ಎತ್ತರ ಆರಡಿ ಎರಡಿಂಚು. ನಮ್ಮ ಟೈಲರದು ಐದಡಿ ಮೂರಿಂಚು. ಯಾರದಾದರೂ ಕಾಲರಿನಲ್ಲಿ ಕಾಲಿಂಚು ಹೆಚ್ಚುಕಮ್ಮಿಯಾದರೆ ರಸ್ತೆಯ ಆಚೆಯಿಂದಲೇ ಹಿಡಿಯುವ ಕಣ್ಣು ಅವರದು. ಆ ಕಣ್ಣಿಗೆ ಈ ಹನ್ನೊಂದು ಇಂಚು ಕಾಣಿಸಲಿಲ್ಲ. ಸೀಟು ಸ್ವಲ್ಪ ಮೇಲಿದೆ ಎಂದಷ್ಟೇ ಅನ್ನಿಸಿತು. ಇಳಿಸಲು ನೋಡಿದರು, ಸೀಟಿನ ಕಂಬ ತುಕ್ಕು ಹಿಡಿದು ಒಳಗೇ ಕಚ್ಚಿಕೊಂಡಿತ್ತು. ಹೊಲಿಗೆ ಮಿಷನ್ನಿನ ಎಣ್ಣೆಯನ್ನು ಅರ್ಧ ಸೀಸೆ ಸುರಿದರು. ಎಣ್ಣೆ ಇಳಿಯಿತು, ಸೀಟು ಇಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಸೈಕಲ್ಲನ್ನು ತಳ್ಳಿಕೊಂಡು ಹೋಗಿ, ತಮ್ಮ ಅಂಗಡಿಯ ಎದುರಿಗೇ ಇದ್ದ ಸೈಕಲ್ ಷಾಪಿನಲ್ಲಿ ಗಾಳಿ ತುಂಬಿಸಲು ನಿಲ್ಲಿಸಿದರು. ಇಲ್ಲಿ ಒಂದು ವಿಷಯ ಹೇಳಬೇಕು. ಆ ಸೈಕಲ್ ಷಾಪಿನವನೂ ನಮ್ಮ ಟೈಲರೂ ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಅದಕ್ಕೂ ಮುಂಚೆ ಇಬ್ಬರೂ ದಿನಕ್ಕೆ ಮೂರು ಸಲ ಒಟ್ಟಿಗೆ ಚಹಾ ಕುಡಿಯುತ್ತಿದ್ದವರು. ಸೈಕಲ್ ಷಾಪಿನವನು ಒಂದು ಶರ್ಟು ಹೊಲಿಸಿ, ಹಾಕಿ ನೋಡಿ, ಕೈ ಎತ್ತಿದರೆ ಹಿಡಿಯುತ್ತದೆ ಎಂದ. ಟೈಲರು ಶರ್ಟನ್ನು ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು, ಕೊನೆಗೆ ನಾಲ್ಕು ಜನರ ಎದುರಿಗೆ, "ಶರ್ಟು ಸರಿ ಇದೆ. ನಿನ್ನ ಭುಜ ಸರಿ ಇಲ್ಲ," ಎಂದುಬಿಟ್ಟರು. ಅಂದಿನಿಂದ ಚಹಾ ಬೇರೆ ಬೇರೆ.

ಸೈಕಲ್ ಷಾಪಿನವನು ಗಾಳಿ ತುಂಬಿದ. ಸೀಟು ನೋಡಿದ, ಟೈಲರ ಕಾಲು ನೋಡಿದ, ಮತ್ತೆ ಸೀಟು ನೋಡಿದ. ಆಮೇಲೆ ಕೈಯಲ್ಲಿದ್ದ ಪಂಪಿಗೆ ಹೇಳಿದ:

"ಈ ಸೈಕಲ್ಲು ಇವರ ಅಳತೆದಲ್ಲ. ಬಿಟ್ಟು ಹೋದ್ರೆ ಸಂಜೆ ಹೊತ್ತಿಗೆ ಸೀಟು ಇಳಿಸಿ ಇಡಬಹುದು. ಬೇಕಾದ್ರೆ."

ಟೈಲರು ಸೈಕಲ್ಲಿನ ಮುಂದಿನ ಚಕ್ರಕ್ಕೆ ಉತ್ತರ ಕೊಟ್ಟರು: "ಅಳತೆ ವಿಷಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ."

ಪಂಪು ಸುಮ್ಮನಾಯಿತು.

ಹೀಗೆ ಶುರುವಾಯಿತು ಸೈಕಲ್ ಸವಾರಿ. ಹತ್ತುವುದಕ್ಕೆ ಟೈಲರು ಒಂದು ಉಪಾಯ ಕಂಡುಕೊಂಡರು. ಮನೆಯ ಮುಂದಿನ ಮೆಟ್ಟಿಲ ಮೇಲಿನ ತುದಿಗೆ ಸೈಕಲ್ಲನ್ನು ಒತ್ತಿ ನಿಲ್ಲಿಸಿ, ಅಲ್ಲಿಂದ ಕುರ್ಚಿಗೆ ಕೂತ ಹಾಗೆ ಸೀಟಿಗೆ ಕೂತು, ಗೋಡೆಯನ್ನು ಒಂದು ಸಲ ತಳ್ಳಿದರೆ ಹೊರಟ ಹಾಗೆ. ಇಳಿಯುವುದಕ್ಕೂ ಉಪಾಯ ಸಿಕ್ಕಿತು. ಅವರ ಅಂಗಡಿಯ ಮುಂದೆ ಎರಡಡಿ ಎತ್ತರದ ಕಲ್ಲಿನ ಕಟ್ಟೆಯಿತ್ತು. ಪಕ್ಕದಲ್ಲಿ ಬಂದು ಎಡಗಾಲನ್ನು ಕಟ್ಟೆಯ ಮೇಲಿಟ್ಟರೆ ಇಳಿದ ಹಾಗೆ. ಹತ್ತುವ ಜಾಗಕ್ಕೂ ಇಳಿಯುವ ಜಾಗಕ್ಕೂ ನಡುವೆ ಎಲ್ಲೂ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಪೆಡಲಿಗೂ ಸರಿಯಾಗಿ ಎಟುಕುತ್ತಿರಲಿಲ್ಲ. ಎಡ ಪೆಡಲು ಕೆಳಗೆ ಹೋದಾಗ ಸೀಟಿನ ಮೇಲೆ ಎಡಕ್ಕೆ ಜಾರಿ ಬೆರಳ ತುದಿಯಿಂದ ಅದನ್ನು ಹಿಡಿಯಬೇಕು, ಅಷ್ಟರಲ್ಲಿ ಬಲ ಪೆಡಲು ಕೆಳಗೆ ಹೋಗಿರುತ್ತದೆ, ಅದನ್ನು ಹುಡುಕಿಕೊಂಡು ಬಲಕ್ಕೆ ಜಾರಬೇಕು. ದೂರದಿಂದ ನೋಡಿದವರಿಗೆ ಯಾರೋ ಸೀಟು ಒರೆಸುತ್ತಾ ಹೋಗುತ್ತಿರುವಂತೆ ಕಾಣುತ್ತಿತ್ತು.

ದಾರಿಯಲ್ಲಿ ಒಂದು ನಾಲ್ಕು ರಸ್ತೆ ಕೂಡುವ ಜಾಗವಿತ್ತು. ಅಲ್ಲಿ ಎಂಟೂವರೆಯಿಂದ ಪೊಲೀಸಿನವರು ನಿಂತು ಕೈ ತೋರಿಸುತ್ತಿದ್ದರು. ಅವರು ಕೈ ತೋರಿಸಿದರೆ ನಿಲ್ಲಬೇಕಾಗುತ್ತದೆಂದು ಟೈಲರು ಎಂಟಕ್ಕೇ ಮನೆ ಬಿಡುತ್ತಿದ್ದರು. "ಕೆಲಸದ ಮೇಲೆ ಎಷ್ಟು ಶ್ರದ್ಧೆ," ಎಂದು ಅಕ್ಕಪಕ್ಕದವರು ಮಾತಾಡಿಕೊಂಡರು.

ಮೂರನೆಯ ದಿನಕ್ಕೆ ಅವರ ನಡಿಗೆ ಬದಲಾಯಿತು. ಎರಡು ಕಾಲಿನ ನಡುವೆ ಅದೃಶ್ಯವಾದ ಒಂದು ಕುಂಬಳಕಾಯಿ ಇಟ್ಟುಕೊಂಡವರಂತೆ, ಅಗಲಗಲ ಹೆಜ್ಜೆ ಹಾಕುತ್ತಾ ಅವರು ಗೇಟು ತೆಗೆಯುವುದನ್ನು ಪಕ್ಕದ ಮನೆಯಾಕೆ ನೋಡಿದರು.

"ಆಪರೇಷನ್ ಆಯ್ತಾ ಅಣ್ಣಾ? ನಮಗೆ ಗೊತ್ತೇ ಆಗ್ಲಿಲ್ಲ."

"ಆಪರೇಷನ್ನೂ ಇಲ್ಲ, ಏನೂ ಇಲ್ಲ."

"ಮುಚ್ಚಿಡಬಾರದು. ನಮ್ಮ ಮಾವನವರೂ ಹೀಗೇ ನಡೀತಿದ್ರು. ಎಷ್ಟು ಹೊಲಿಗೆ ಹಾಕಿದಾರೆ?"

"ನಾನೇ ಇನ್ನೊಬ್ಬರಿಗೆ ಹೊಲಿಗೆ ಹಾಕೋನು, ನನಗೆ ಯಾರು ಹಾಕ್ತಾರೆ," ಎಂದರು ಟೈಲರು ಸಿಟ್ಟಿನಿಂದ. ಆಕೆ ಅದನ್ನು, ಪಾಪ, ನೋಡಿಕೊಳ್ಳುವವರು ಯಾರೂ ಇಲ್ಲ ಎಂಬ ಅರ್ಥದಲ್ಲಿ ತೆಗೆದುಕೊಂಡು ಸಂಜೆ ಒಂದು ಪಾತ್ರೆ ಗಂಜಿ ಕಳಿಸಿದರು. ಟೈಲರ ಹೆಂಡತಿ ಗಂಜಿಯನ್ನು ನೋಡಿದರು, ಗಂಡನನ್ನು ನೋಡಿದರು, ತಟ್ಟೆ ಇಟ್ಟು ಬಡಿಸಿದರು.

ಇಷ್ಟರಲ್ಲಿ ಶುಕ್ರವಾರ ಬಂತು.

ಶುಕ್ರವಾರ ಹೆಡ್ಮಾಸ್ಟರ ನಿವೃತ್ತಿ. ಶಾಲೆಯಲ್ಲಿ ಹತ್ತು ಗಂಟೆಗೆ ಬೀಳ್ಕೊಡುಗೆ. ಮೂವತ್ತಾರು ವರ್ಷದ ನೌಕರಿಯಲ್ಲಿ ಅವರು ಒಂದು ದಿನವೂ ತಡವಾಗಿ ಹೋದವರಲ್ಲ. ತಡವಾಗಿ ಬಂದವರನ್ನು ಒಳಗೆ ಬಿಟ್ಟವರೂ ಅಲ್ಲ. ಅವರು ಮೇಷ್ಟ್ರಾಗಿ ಸೇರಿದ ಮೊದಲ ವರ್ಷ ನಾಲ್ಕನೇ ಕ್ಲಾಸಿನಲ್ಲಿ ಗೇಟಿನ ಹೊರಗೆ ಅತಿ ಹೆಚ್ಚು ದಿನ ನಿಂತಿದ್ದವರು ನಮ್ಮ ಟೈಲರೇ. ಆ ಮೇಷ್ಟ್ರು ಈಗ ಜೀವನದ ಮೊದಲ ಕೋಟನ್ನು ಅದೇ ಶಿಷ್ಯನ ಕೈಯಲ್ಲಿ ಹೊಲಿಸುತ್ತಿದ್ದರು. ಬುಧವಾರ ಟ್ರಯಲ್ ನೋಡಿಯಾಗಿತ್ತು. ಬರಿಯ ಕಾಜ ಮತ್ತು ಗುಂಡಿ ಉಳಿದಿತ್ತು. ಕೈಯಲ್ಲೇ ಕಾಜ ತೆಗೆಯುತ್ತೇನೆಂದು ಟೈಲರು ಕೋಟನ್ನು ಮನೆಗೆ ತಂದಿದ್ದರು.

"ಒಂಬತ್ತಕ್ಕೆ ಅಂಗಡಿಗೆ ಬನ್ನಿ ಸಾರ್. ಹಾಕ್ಕೊಂಡು ಅಲ್ಲಿಂದ ಅಲ್ಲಿಗೇ ಹೋಗಿ," ಎಂದಿದ್ದರು.

ಕೋಟು ನಿಜಕ್ಕೂ ಚೆನ್ನಾಗಿ ಬಂದಿತ್ತು. ಅಷ್ಟು ಚೆನ್ನಾಗಿ ಬಂದಿದ್ದರಿಂದಲೇ ಬೆಳಿಗ್ಗೆ ಅದಕ್ಕೆ ಎರಡು ಸಲ ಇಸ್ತ್ರಿ ಹಾಕಿಸಿದರು, ಕಾಲರಿನ ಮೇಲೆ ಮೂರನೆಯ ಸಲ. ಮನೆ ಬಿಡುವಾಗ ಎಂಟೂ ಮುಕ್ಕಾಲಾಯಿತು. ಕೋಟು ಮಡಿಚಿದರೆ ಸುಕ್ಕಾಗುತ್ತದೆ. ಅದಕ್ಕೆ ಪಾರದರ್ಶಕ ಚೀಲ ತೊಡಿಸಿ, ಹ್ಯಾಂಗರಿನ ಸಮೇತ ತಮ್ಮ ಬೆನ್ನಿಗೆ ಎರಡು ಬಟ್ಟೆಯ ಪಟ್ಟಿಗಳಿಂದ ಬಿಗಿದುಕೊಂಡರು. ಹಿಂದಿನಿಂದ ನೋಡಿದರೆ ತಲೆಯಿಲ್ಲದ ಯಾರೋ ಗಣ್ಯರು ಟೈಲರನ್ನು ತಬ್ಬಿಕೊಂಡು ಸವಾರಿ ಹೊರಟಂತಿತ್ತು.

"ಇವತ್ತು ಸ್ಕೂಟರಲ್ಲಿ ಹೋಗಿ," ಎಂದರು ಹೆಂಡತಿ.

"ನಾಲ್ಕು ದಿನ ಹೋಗಿದೀನಿ. ಇವತ್ತೊಂದಿನ ಬಿಟ್ರೆ ಅಭ್ಯಾಸ ತಪ್ಪಿಹೋಗುತ್ತೆ," ಎಂದು ಗೋಡೆ ತಳ್ಳಿದರು.

ನಾಲ್ಕು ರಸ್ತೆಯಲ್ಲಿ ಪೊಲೀಸಿನವರು ನಿಂತಿದ್ದರು. ಕೈಯನ್ನೂ ಎತ್ತಿದ್ದರು. ಟೈಲರು ಆ ಕೈಯ ಕೆಳಗೇ ಹಾದುಹೋಗುತ್ತಾ, "ತಪ್ಪು ತಿಳ್ಕೋಬೇಡಿ ಸಾರ್," ಎಂದರು. ಹಿಂದಿನಿಂದ ಸೀಟಿ ಕೇಳಿಸಿತು. ಬೆನ್ನಿಗೆ ಕೋಟು ಇದ್ದದ್ದರಿಂದ ಹಿಂತಿರುಗಿ ನೋಡಲಾಗಲಿಲ್ಲ.

ಅಂಗಡಿ ಬೀದಿಗೆ ತಿರುಗಿದಾಗ ಒಂಬತ್ತಕ್ಕೆ ಮೂರು ನಿಮಿಷವಿತ್ತು. ಅಂಗಡಿಯ ಮುಂದಿನ ಬೆಂಚಿನ ಮೇಲೆ ಹೆಡ್ಮಾಸ್ಟರು ಬಿಳೀ ಶರ್ಟು, ಟೈ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಪಕ್ಕದಲ್ಲಿ ಬ್ಯಾಂಕಿನ ಕ್ಯಾಷಿಯರು, ತಮ್ಮ ಪ್ಯಾಂಟಿಗೆ ಬಂದವರು. ಎಲ್ಲ ಸರಿಯಾಗಿತ್ತು. ಕಟ್ಟೆ ಮಾತ್ರ ಇರಲಿಲ್ಲ. ಅಂದರೆ ಇತ್ತು, ಕಾಣುತ್ತಿರಲಿಲ್ಲ. ಪಕ್ಕದ ಪೀಠೋಪಕರಣದ ಅಂಗಡಿಗೆ ಸಾಮಾನು ತಂದ ವ್ಯಾನೊಂದು ಕಟ್ಟೆಗೆ ಒತ್ತಿಕೊಂಡು ನಿಂತಿತ್ತು. ಕಟ್ಟೆಯ ಮೇಲೆ ಮಂಚದ ಕಾಲುಗಳು, ಎರಡು ಬೀರು, ಆಳೆತ್ತರದ ಒಂದು ನಿಲುವುಗನ್ನಡಿ. ವ್ಯಾನಿನವನು ಚಹಾಕ್ಕೆ ಹೋಗಿದ್ದ.

ಹೆಡ್ಮಾಸ್ಟರು ಸೈಕಲ್ಲನ್ನು ಕಂಡು ಎದ್ದು ನಿಂತರು. ನಕ್ಕರು. ಕೋಟು ತೊಡಲು ಅನುಕೂಲವಾಗಲೆಂದು ಎರಡೂ ತೋಳನ್ನು ಸ್ವಲ್ಪ ಅಗಲಿಸಿಯೂ ನಿಂತರು. ಟೈಲರು ಅವರ ಮುಖ ನೋಡಿದರು, ಕಟ್ಟೆ ನೋಡಿದರು, "ಬಂದೆ ಸಾರ್, ಒಂದ್ನಿಮಿಷ," ಎಂದು ಮುಂದೆ ಹೋಗಿಬಿಟ್ಟರು.

ಹೆಡ್ಮಾಸ್ಟರ ತೋಳು ಸ್ವಲ್ಪ ಹೊತ್ತು ಹಾಗೇ ಇತ್ತು.

"ಕೋಟು ಕೆಡಿಸಿದಾರೆ ಸಾರ್," ಎಂದರು ಕ್ಯಾಷಿಯರು. "ಆ ಮುಖ ನೋಡಿದ್ರಲ್ಲ? ನನ್ನ ಪ್ಯಾಂಟು ಗಿಡ್ಡ ಆದಾಗ್ಲೂ ಅದೇ ಮುಖ."

"ಕೋಟು ಬೆನ್ನ ಮೇಲೇ ಇತ್ತಲ್ಲ. ನಾನೇ ನೋಡಿದೆ."

"ಕೋಟು ಇತ್ತು. ಅದು ನಿಮ್ಮದು ಅಂತ ಏನು ಗ್ಯಾರಂಟಿ?"

ಇತ್ತ ಟೈಲರು ಬ್ಯಾಂಕಿನ ಮೂಲೆಯಲ್ಲಿ ತಿರುಗಿ, ಮಾರುಕಟ್ಟೆಯ ಹಿಂದಿನಿಂದ ಬಳಸಿ, ಮತ್ತೆ ನಾಲ್ಕು ರಸ್ತೆಗೆ ಬಂದರು. ಬೀಳಬಹುದಿತ್ತು. ಹಿಂದಿನ ದಿನಗಳಲ್ಲಿ ಎರಡು ಸಲ ಬಿದ್ದೇ ಇಳಿದಿದ್ದರು. ಆದರೆ ಬೆನ್ನ ಮೇಲೆ ಮೇಷ್ಟ್ರ ಕೋಟು. ಅದರಲ್ಲಿ ಕೈಯಿಂದ ತೆಗೆದ ಮೂರು ಕಾಜ. ಇಳಿಯಲು ಬರುವುದಿಲ್ಲ, ಯಾರಾದರೂ ಹಿಡಿದುಕೊಳ್ಳಿ ಎಂದು ಕೂಗಬಹುದಿತ್ತು. ಆದರೆ ಬೆಂಚಿನ ಮೇಲೆ ಕ್ಯಾಷಿಯರು ಕೂತಿದ್ದರು. ಕ್ಯಾಷಿಯರಿಗೆ ಗೊತ್ತಾದರೆ ಬ್ಯಾಂಕಿಗೆ ಗೊತ್ತಾದಂತೆ, ಬ್ಯಾಂಕಿಗೆ ಗೊತ್ತಾದರೆ ಊರಿಗೆಲ್ಲ ಗೊತ್ತಾದಂತೆ. ವ್ಯಾನು ಹೋದರೆ ಎಲ್ಲ ಸರಿಹೋಗುತ್ತದೆ ಎಂದು ಟೈಲರು ಪೆಡಲು ಹುಡುಕುತ್ತಾ ಸಾಗಿದರು.

ಎರಡನೆಯ ಸುತ್ತಿನಲ್ಲಿ ವ್ಯಾನು ಅಲ್ಲೇ ಇತ್ತು.

"ವ್ಯಾನ್ ತೆಗೀರಿ," ಎಂದು ಕೂಗಿದರು ಟೈಲರು. ಅದೇ ಹೊತ್ತಿಗೆ ಹಮಾಲಿಗಳು ಕಬ್ಬಿಣದ ಬೀರುವನ್ನು ಕಟ್ಟೆಯ ಮೇಲೆ ಎಳೆದರು. ಮೊದಲ ಮಾತು ಬೀರುವಿನ ಸದ್ದಿನಲ್ಲಿ ಹೋಯಿತು. 'ತೆಗೀರಿ' ಎನ್ನುವುದು ಮಾತ್ರ ಬೆಂಚಿಗೆ ತಲುಪಿತು.

"ಏನು ತೆಗೀಬೇಕಂತೆ?" ಎಂದರು ಹೆಡ್ಮಾಸ್ಟರು.

"ಟೈ ಇರಬೇಕು ಸಾರ್. ಟೈ ಇದ್ರೆ ಕೋಟಿನ ಕಾಲರ್ ಸರಿಯಾಗಿ ಕೂರಲ್ಲ."

ಹೆಡ್ಮಾಸ್ಟರು ಟೈ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕಾದರು. ಮೂರನೆಯ ಸುತ್ತು ಬಂತು. ಟೈಲರು ಟೈ ಕಾಣದ ಕುತ್ತಿಗೆಯನ್ನು ನೋಡಿ, "ಅದಲ್ಲ ಸಾರ್," ಎಂದರು. ಮುಂದಿನದು ಮತ್ತೆ ಬೀರುವಿನ ಪಾಲಾಗಿ, ಕೊನೆಗೆ "ತೆಗೀರಿ" ಎಂದು ಮುಗಿಯಿತು. ಹೆಡ್ಮಾಸ್ಟರು ಅನುಮಾನಿಸುತ್ತಾ ಶರ್ಟಿನ ಮೇಲಿನ ಗುಂಡಿಗೆ ಕೈ ಹಾಕಿದರು. ಪಕ್ಕದ ಔಷಧಿ ಅಂಗಡಿಯ ಹೆಂಗಸು ಮುಖ ಆ ಕಡೆಗೆ ತಿರುಗಿಸಿಕೊಂಡರು. ಕೈ ಅಲ್ಲೇ ನಿಂತಿತು.

ಗಂಟೆ ಒಂಬತ್ತೂ ಹತ್ತಾಗಿತ್ತು. ಹೆಡ್ಮಾಸ್ಟರು ರಸ್ತೆಗೆ ಇಳಿದು, ನಡುಮಧ್ಯದಲ್ಲಿ ಕೈ ಎತ್ತಿ ನಿಂತರು. ಆ ಕೈಗೆ ಮೂವತ್ತಾರು ವರ್ಷ ಇಡೀ ಶಾಲೆ ನಿಂತಿತ್ತು.

"ನಿಲ್ಲೋ."

"ನಿಲ್ಲೋಕಾಗಲ್ಲ ಸಾರ್," ಎಂದು ಟೈಲರು ಅವರನ್ನು ಬಳಸಿ ಹೋದರು.

"ನೋಡಿದ್ರಾ," ಎಂದರು ಹೆಡ್ಮಾಸ್ಟರು ಕ್ಯಾಷಿಯರ ಕಡೆ ತಿರುಗಿ. "ನಾಲ್ಕನೇ ಕ್ಲಾಸಲ್ಲೂ ಹೀಗೇ. ಪ್ರಶ್ನೆ ಕೇಳಿದ ತಕ್ಷಣ ನೀರು ಕುಡಿಯೋಕೆ ಹೋಗ್ತಿದ್ದ. ಇವತ್ತು ನನ್ನನ್ನ ಗೇಟಿನ ಹೊರಗೆ ನಿಲ್ಲಿಸ್ತಾನೆ ಇವನು."

ನಾಲ್ಕು ರಸ್ತೆಯಲ್ಲಿ ಇನ್ನೊಂದು ಬಗೆಯ ಬದಲಾವಣೆ ಆಗುತ್ತಿತ್ತು. ಮೊದಲ ಎರಡು ಸಲ ಪೊಲೀಸಿನವರು ಸೀಟಿ ಊದಿದರು. ಮೂರನೆಯ ಸಲ ಸ್ವತಃ ಅಡ್ಡ ನಿಂತು, ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಹಾರಿದರು. ನಾಲ್ಕನೆಯ ಸಲ ಸುಮ್ಮನೆ ನೋಡಿದರು. ಬೆನ್ನ ಮೇಲೆ ಕೋಟು ಧರಿಸಿ, ಕೈಗೆ ಬಗ್ಗದೆ, ಸೀಟಿಗೆ ಜಗ್ಗದೆ, ಇಷ್ಟಿಷ್ಟು ಹೊತ್ತಿಗೊಮ್ಮೆ ಗಡಿಯಾರದ ಹಾಗೆ ಬರುವವನು ಸಾಮಾನ್ಯನಿರಲಾರ ಎನ್ನಿಸಿರಬೇಕು. ಐದನೆಯ ಸುತ್ತಿನಿಂದ ಅವರು ಮೂರೂ ಕಡೆಯ ವಾಹನ ತಡೆದು ಟೈಲರಿಗೆ ದಾರಿ ಬಿಡಿಸತೊಡಗಿದರು. ಆ ದಿನ ನಮ್ಮ ಟೈಲರಿಗೆ ಮಂತ್ರಿಗಳ ಮರ್ಯಾದೆ ಸಿಕ್ಕಿತು.

"ಯಾರು ಸಾರ್ ಅವರು?" ಎಂದು ಕಾರಿನಲ್ಲಿದ್ದ ಹೆಂಗಸೊಬ್ಬರು ಕೇಳಿದರು.

"ಗೊತ್ತಿಲ್ಲಮ್ಮ. ಆದ್ರೆ ನಿಲ್ಲೋರಲ್ಲ," ಎಂದರು ಪೊಲೀಸಿನವರು.

ಇದೆಲ್ಲವನ್ನೂ ಮೊದಲಿನಿಂದ ಅರ್ಥ ಮಾಡಿಕೊಂಡಿದ್ದವನು ಊರಿನಲ್ಲಿ ಒಬ್ಬನೇ. ಅವನು ಸೈಕಲ್ ಷಾಪಿನವನು. ತನ್ನ ಅಂಗಡಿಯ ಬಾಗಿಲಲ್ಲಿ, ಹತಾರಗಳ ಪೆಟ್ಟಿಗೆಯ ಮೇಲೆ ಕೈ ಕಟ್ಟಿ ಕೂತು, ಸೈಕಲ್ಲು ಎಡದಿಂದ ಬರುವುದನ್ನೂ ಬಲಕ್ಕೆ ಹೋಗುವುದನ್ನೂ ನೋಡುತ್ತಿದ್ದ. ಟೈಲರು ಪ್ರತಿ ಸಲವೂ ಅವನ ಮುಂದೆ ಹಾಯುವಾಗ ಹ್ಯಾಂಡಲ್ಲಿನ ಬೆಲ್ಲನ್ನು ಬಹಳ ಆಸಕ್ತಿಯಿಂದ ಗಮನಿಸುತ್ತಿದ್ದರು. ಐದನೆಯ ಸುತ್ತಿನ ಹೊತ್ತಿಗೆ ತೊಡೆ ನಡುಗತೊಡಗಿತ್ತು. ಬೆಲ್ಲಿನ ಮೇಲಿನ ಆಸಕ್ತಿ ಹೋಯಿತು. ಎರಡು ವರ್ಷದಲ್ಲಿ ಮೊದಲ ಸಲ ಅವನ ಮುಖ ನೋಡಿ, "ಸ್ವಲ್ಪ ಹಿಡ್ಕೋ," ಎಂದರು.

"ಯಾರಿಗೆ ಹೇಳ್ತಿರೋದು? ನನಗೋ ಪಂಪಿಗೋ?" ಎಂದ ಅವನು. ಅಷ್ಟರಲ್ಲಿ ಟೈಲರು ದಾಟಿ ಹೋಗಿದ್ದರು.

ಉತ್ತರ ಕೊಡಲು ಇಡೀ ಊರು ಸುತ್ತಿ ಬರಬೇಕಾಯಿತು.

"ನಿನಗೇ."

"ಹಿಡೀತೀನಿ. ಮೊದಲು ನನ್ನ ಭುಜ ಸರಿ ಇದೆ ಅಂತ ಹೇಳು."

ಮತ್ತೊಂದು ಸುತ್ತು. ಮಾರುಕಟ್ಟೆಯ ಹಿಂದೆ ಟೈಲರು ಯೋಚಿಸಿದರು. ಭುಜ ಅವನದು, ಸರಿ ಇದೆ ಎಂದರೆ ತಮಗೇನೂ ನಷ್ಟವಿಲ್ಲ ಎಂದು ನಾಲ್ಕು ರಸ್ತೆ ದಾಟುವಾಗ ತೀರ್ಮಾನಿಸಿದರು.

"ಭುಜ ಸರಿ ಇದೆ."

"ಹಾಗಾದ್ರೆ ಶರ್ಟು?"

ಇನ್ನೊಂದು ಸುತ್ತು.

"ಶರ್ಟೂ ಸರಿ ಇದೆ."

ಅರ್ಧ ಎದ್ದಿದ್ದ ಸೈಕಲ್ ಷಾಪಿನವನು ಮತ್ತೆ ಪೆಟ್ಟಿಗೆಯ ಮೇಲೆ ಕೂತ.

ಆ ಮುಂದಿನ ಸುತ್ತು ನಮ್ಮ ಟೈಲರ ಜೀವನದಲ್ಲಿ ಬಹಳ ಉದ್ದದ ಸುತ್ತು. ಇಪ್ಪತ್ತೈದು ವರ್ಷದ ವೃತ್ತಿಯಲ್ಲಿ ಅವರು ಎಷ್ಟೋ ಜನರಿಗೆ ಹೊಟ್ಟೆ ಸರಿ ಇಲ್ಲ, ಬೆನ್ನು ಸರಿ ಇಲ್ಲ, ನಿಂತ ರೀತಿ ಸರಿ ಇಲ್ಲ ಎಂದಿದ್ದರು. ಬಟ್ಟೆ ಸರಿ ಇಲ್ಲ ಎಂದು ಒಂದು ಸಲವೂ ಅಂದಿರಲಿಲ್ಲ. ಬೆನ್ನಿನ ಬೆವರು ಚೀಲ ದಾಟಿ ಕೋಟಿಗೆ ತಾಗೀತೆಂದು ಅವರು ಮುಂದಕ್ಕೆ ಬಗ್ಗಿದ್ದರು. ಹಾಗೆ ಬಗ್ಗಿಕೊಂಡೇ ಬೀದಿಗೆ ಬಂದು, ಗಟ್ಟಿಯಾಗಿ, ಬೆಂಚಿಗೂ ಕೇಳುವಂತೆ ಹೇಳಿದರು:

"ಅರ್ಧ ಇಂಚು ಬಿಗಿ."

"ಎಲ್ಲಿ?" ಎಂದ ಸೈಕಲ್ ಷಾಪಿನವನು.

ಟೈಲರು ದಾಟಿ ಹೋದರು.

ಬೆಂಚಿನ ಮೇಲೆ ಕ್ಯಾಷಿಯರು ತೊಡೆ ತಟ್ಟಿದರು. "ನಾನು ಹೇಳ್ಲಿಲ್ವಾ ಸಾರ್? ಕೋಟು ಅರ್ಧ ಇಂಚು ಬಿಗಿಯಂತೆ. ಅಂತೂ ಬಾಯಿ ಬಿಟ್ರು. ಎಲ್ಲಿ ಅನ್ನೋದು ಮುಂದಿನ ಸುತ್ತಲ್ಲಿ ಗೊತ್ತಾಗುತ್ತೆ."

ಹೆಡ್ಮಾಸ್ಟರು ಗಡಿಯಾರ ನೋಡಿಕೊಂಡರು. ಗಂಟೆ ಒಂಬತ್ತೂ ಮೂವತ್ತೇಳು. ಶಾಲೆಗೆ ನಡೆದರೆ ಇಪ್ಪತ್ತು ನಿಮಿಷ. ಈಗ ಎದ್ದು ಕೋಟಿಲ್ಲದೆ ಹೊರಟರೆ ಸಮಯಕ್ಕೆ ಮುಟ್ಟಬಹುದು. ಅವರು ಎದ್ದರು. ನಾಲ್ಕು ಹೆಜ್ಜೆ ಹೋದರು. ಮತ್ತೆ ಬಂದು ಕೂತರು. ಕೋಟು ಬೇಕೆಂದು ಅವರೇನೂ ಕೇಳಿದ್ದವರಲ್ಲ, ಮಗಳು ಹೊಲಿಸಿಕೊಳ್ಳಲೇಬೇಕೆಂದು ಹಟ ಹಿಡಿದಿದ್ದಳು. ಆದರೆ ಬುಧವಾರ ಟ್ರಯಲ್ಲಿನಲ್ಲಿ ಕನ್ನಡಿ ನೋಡಿಕೊಂಡ ಮೇಲೆ ಅವರು ಎರಡು ದಿನ ಅದನ್ನೇ ನೆನೆಸಿಕೊಂಡಿದ್ದರು.

ಸೈಕಲ್ಲು ಬಂತು. ಈಗ ಅದು ನೇರವಾಗಿ ಬರುತ್ತಿರಲಿಲ್ಲ.

"ಕಂಕುಳಲ್ಲಿ," ಎಂದರು ಟೈಲರು.

ಹೆಡ್ಮಾಸ್ಟರು ಬೆಂಚಿನ ಮೇಲೆ ತಮ್ಮ ಕಂಕುಳನ್ನು ಮುಟ್ಟಿ ನೋಡಿಕೊಂಡರು. ಸೈಕಲ್ ಷಾಪಿನವನು ಎದ್ದು, ಪ್ಯಾಂಟಿಗೆ ಕೈ ಒರೆಸಿಕೊಂಡು, ಎರಡೇ ಹೆಜ್ಜೆಯಲ್ಲಿ ರಸ್ತೆಗೆ ಬಂದು, ಒಂದು ಕೈಯಲ್ಲಿ ಹ್ಯಾಂಡಲ್ಲನ್ನೂ ಇನ್ನೊಂದು ಕೈಯಲ್ಲಿ ಸೀಟಿನ ಹಿಂಭಾಗವನ್ನೂ ಹಿಡಿದ. ಸೈಕಲ್ಲು ನಿಂತಿತು. ಅಷ್ಟು ಸುಲಭವಾಗಿ ನಿಂತಿತು. ಆಮೇಲೆ ಅವನು ಟೈಲರನ್ನು ಎರಡೂ ಕಂಕುಳಿಗೆ ಕೈ ಕೊಟ್ಟು, ಸಣ್ಣ ಮಗುವನ್ನು ಜೋಕಾಲಿಯಿಂದ ಇಳಿಸುವಂತೆ ಎತ್ತಿ ನೆಲದ ಮೇಲೆ ಇಟ್ಟ. ನೆಲದ ಮೇಲೆ ನಿಂತ ಮೇಲೂ ಟೈಲರ ಕಾಲುಗಳು ಸ್ವಲ್ಪ ಹೊತ್ತು ತುಳಿಯುತ್ತಲೇ ಇದ್ದವು.

"ಇಳಿಯೋಕೆ ಬರಲ್ಲ ಅಂತ ಮೊದಲೇ ಹೇಳೋಕೇನಾಗಿತ್ತೋ ನಿನಗೆ?" ಎಂದರು ಹೆಡ್ಮಾಸ್ಟರು.

"ಹೇಳೋಷ್ಟರಲ್ಲಿ ಮುಂದೆ ಹೋಗಿರ್ತಿದ್ದೆ ಸಾರ್."

ಇನ್ನು ಮಾತಿಗೆ ಸಮಯವಿರಲಿಲ್ಲ. ಅಂಗಡಿಯ ಬೀಗ ತೆಗೆಯಲೂ ಸಮಯವಿರಲಿಲ್ಲ. ಟೈಲರು ಪಟ್ಟಿ ಬಿಚ್ಚಿ, ಚೀಲ ಹರಿದು, ರಸ್ತೆಯಲ್ಲೇ ಹೆಡ್ಮಾಸ್ಟರಿಗೆ ಕೋಟು ತೊಡಿಸಿದರು. ಹಮಾಲಿಗಳು ಯಾರೂ ಹೇಳದೆ ನಿಲುವುಗನ್ನಡಿಯನ್ನು ಎತ್ತಿ ತಂದು ಎದುರಿಗೆ ಹಿಡಿದರು. ಟೈಲರು ಬೆನ್ನಿನ ಅಂಚನ್ನು ಕೆಳಗೆಳೆದು, ಭುಜದ ಮೇಲೆ ಅಂಗೈ ಸವರಿ, "ಕೈ ಎತ್ತಿ ಸಾರ್," ಎಂದರು.

ಹೆಡ್ಮಾಸ್ಟರು ಕೈ ಎತ್ತಿದರು. ಇಳಿಸಿದರು. ಗುಂಡಿ ಹಾಕಿದರು. ಕೋಟು ಎಲ್ಲೂ ಹಿಡಿಯಲಿಲ್ಲ, ಎಲ್ಲೂ ಜೋಲಲಿಲ್ಲ. ಕ್ಯಾಷಿಯರು ಕಂಕುಳ ಹತ್ತಿರ ಬಗ್ಗಿ, ಸುತ್ತಲೂ ತಿರುಗಿ ನೋಡಿ, ಏನೂ ಸಿಗದೆ, "ಬಣ್ಣ ಸ್ವಲ್ಪ ಗಾಢ," ಎಂದರು.

"ಚೆನ್ನಾಗಿ ಹೊಲಿದಿದೀಯ ಕಣೋ," ಎಂದರು ಹೆಡ್ಮಾಸ್ಟರು ಕನ್ನಡಿಯೊಳಗಿನ ಟೈಲರಿಗೆ. ಮೂವತ್ತಾರು ವರ್ಷದಲ್ಲಿ ಅವರು ಈ ಶಿಷ್ಯನ ಯಾವ ಕೆಲಸಕ್ಕೂ ಚೆನ್ನಾಗಿದೆ ಎಂದದ್ದಿಲ್ಲ. ಟೈಲರು ತೋಳಿನ ಮೇಲೆ ಇಲ್ಲದ ಒಂದು ದಾರವನ್ನು ಕಿತ್ತು ಬಿಸಾಡಿದರು.

ಒಂಬತ್ತೂ ನಲವತ್ತಾರು. ಹೆಡ್ಮಾಸ್ಟರು ಬೀದಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಒಂದು ಬಾಡಿಗೆ ಗಾಡಿಯೂ ಇರಲಿಲ್ಲ. ಆಮೇಲೆ ಸೈಕಲ್ಲನ್ನು ನೋಡಿದರು. ಟೈ ಮಡಿಚಿ ಕಿಸೆಗೆ ಹಾಕಿ, ಸೈಕಲ್ಲನ್ನು ಸೈಕಲ್ ಷಾಪಿನವನ ಕೈಯಿಂದ ತೆಗೆದುಕೊಂಡು, ಉದ್ದನೆಯ ಕಾಲನ್ನು ಹಿಂದಿನಿಂದ ಬೀಸಿ ಕೂತರು. ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದು ಕಾಲು ಆರಾಮವಾಗಿ ನೆಲದ ಮೇಲೆ. ಹ್ಯಾಂಡಲ್ಲಿಗೂ ಸೀಟಿಗೂ ಅವರ ಬೆನ್ನಿಗೂ ಯಾರೋ ಮೊದಲೇ ಕೂತು ಲೆಕ್ಕ ಹಾಕಿಟ್ಟಂತಿತ್ತು.

"ಯಾರದಪ್ಪಾ ಈ ಸೈಕಲ್ಲು? ಹದವಾಗಿದೆ," ಎಂದವರು ಉತ್ತರಕ್ಕೆ ಕಾಯದೆ ಹೊರಟರು.

ಕೋಟಿನ ಹಿಂಭಾಗ ಗಾಳಿಗೆ ಸ್ವಲ್ಪ ಏಳುತ್ತಾ ಬೀಳುತ್ತಾ ಬ್ಯಾಂಕಿನ ಮೂಲೆಯಲ್ಲಿ ಮರೆಯಾಯಿತು. ಬೀದಿಯ ಜನ ಎಲ್ಲ ಅದನ್ನೇ ನೋಡುತ್ತಿದ್ದರು. ಸೈಕಲ್ ಷಾಪಿನವನು ಪಂಪಿನ ಸಹಾಯವಿಲ್ಲದೆಯೇ ಟೈಲರಿಗೆ ಹೇಳಿದ:

"ಅಳತೆ ಅಂದ್ರೆ ಅದು."

"ಹೂಂ," ಎಂದರು ಟೈಲರು. "ಚಹಾ ಕುಡಿಯೋಣ ಬಾ. ನಿನ್ನ ಶರ್ಟು ಸಂಜೆ ತಂದುಕೊಡು, ಬಿಚ್ಚಿ ಹೊಲಿತೀನಿ."

ಹೆಡ್ಮಾಸ್ಟರು ಹತ್ತಕ್ಕೆ ನಾಲ್ಕು ನಿಮಿಷವಿರುವಾಗ ಗೇಟು ದಾಟಿದರೆಂದು ಆಮೇಲೆ ತಿಳಿಯಿತು. ಸಭೆಯಲ್ಲಿ ಮೊದಲ ಐದು ನಿಮಿಷ ಅವರಿಗೆ ಏದುಸಿರಿನಿಂದ ಮಾತೇ ಹೊರಡಲಿಲ್ಲವಂತೆ. ಮಕ್ಕಳು ಅದನ್ನು ದುಃಖವೆಂದು ತಿಳಿದು ಅತ್ತರಂತೆ. ಸೈಕಲ್ಲು ಮಾತ್ರ ಹಿಂದಕ್ಕೆ ಬರಲಿಲ್ಲ. ಶನಿವಾರ ಹೆಡ್ಮಾಸ್ಟರೇ ಫೋನು ಮಾಡಿ, ಇನ್ನು ಮೇಲೆ ಬೆಳಗಿನಲ್ಲಿ ಹೊತ್ತೇ ಹೋಗುವುದಿಲ್ಲ, ಈ ಸೈಕಲ್ಲು ತಮಗೇ ಇರಲಿ ಎಂದರು. ಟೈಲರು ಬಾಮೈದನ ಒಪ್ಪಿಗೆ ಕೇಳಿದರು.

"ಅದು ಇನ್ನೂ ಇದೆಯಾ ಭಾವಾ? ಕೊಟ್ಬಿಡಿ ಪರವಾಗಿಲ್ಲ," ಎಂದ ಅವನು. ಆಮೇಲೆ, "ನೀವು ಅದನ್ನ ಹೊಡೆದ್ರಾ? ಹೇಗೆ ಇಳಿದ್ರಿ?" ಎಂದ.

ಟೈಲರು ಫೋನನ್ನು ಹೆಂಡತಿಯ ಕೈಗೆ ಕೊಟ್ಟರು.

ಮುಂದಿನ ವಾರ ಸೈಕಲ್ ಷಾಪಿನವನು ಎಲ್ಲಿಂದಲೋ ಒಂದು ಚಿಕ್ಕ ಚೌಕಟ್ಟಿನ ಹಳೇ ಸೈಕಲ್ಲು ತಂದ. ಟೈಲರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಹಿಮ್ಮಡಿಯಿಂದ ಕಾಲಿನ ಒಳಗೆ ದಾರ ಹಿಡಿದು ಅಳತೆ ತೆಗೆದ. ಟೈಲರು ಹೇಳಿದ ಕಡೆ ಕೈ ಎತ್ತಿ ನಿಂತಿದ್ದರು. ಸೀಟನ್ನು ಇಷ್ಟು ಇಳಿಸಿದ, ಅಷ್ಟು ಏರಿಸಿದ, ಹ್ಯಾಂಡಲ್ಲನ್ನು ಹತ್ತಿರ ತಂದ, ಬ್ರೇಕಿನ ರಬ್ಬರು ಬದಲಿಸಿದ.

ಮರುದಿನ ಬೆಳಿಗ್ಗೆ ಟೈಲರು ಮೆಟ್ಟಿಲ ಸಹಾಯವಿಲ್ಲದೆ ನೆಲದಿಂದಲೇ ಹತ್ತಿ ಹೊರಟರು. ಗಾಳಿ ತಣ್ಣಗಿತ್ತು. ಪೆಡಲುಗಳು ಕಾಲಿಗೆ ತಾವಾಗಿಯೇ ಬಂದು ಸಿಗುತ್ತಿದ್ದವು. ಮಾರುಕಟ್ಟೆಯ ತಿರುವಿನಲ್ಲಿ ಸಣ್ಣ ಮಕ್ಕಳ ಒಂದು ಸಾಲು, ಇಬ್ಬಿಬ್ಬರು ಕೈ ಹಿಡಿದುಕೊಂಡು, ರಸ್ತೆ ದಾಟುತ್ತಿತ್ತು. ಟೈಲರು ಬ್ರೇಕು ಹಿಡಿದರು. ಸೈಕಲ್ಲು ನಿಂತಿತು. ಎರಡೂ ಪಾದ, ಹಿಮ್ಮಡಿ ಸಮೇತ, ನೆಲದ ಮೇಲೆ ಇದ್ದವು.

ಮಕ್ಕಳ ಸಾಲು ಮುಗಿಯಿತು. ಕೊನೆಯಲ್ಲಿದ್ದ ಟೀಚರು ಕೈ ಮಾಡಿ ಹೋಗಿ ಎಂದರು. ಟೈಲರು ಹೋಗಲಿಲ್ಲ. ಹಿಂದೆ ನಾಲ್ಕಾರು ಗಾಡಿ ಸೇರಿ ಹಾರನ್ನು ಹಾಕತೊಡಗಿದವು. ಸ್ಕೂಟರಿನಲ್ಲಿದ್ದ ಕ್ಯಾಷಿಯರು ಕುತ್ತಿಗೆ ಚಾಚಿ, "ದಾರಿ ಖಾಲಿ ಇದೆಯಲ್ರೀ, ಯಾಕ್ರೀ ಹೋಗ್ತಿಲ್ಲ?" ಎಂದು ಕೂಗಿದರು.

"ಗೊತ್ತಿದೆ," ಎಂದರು ಟೈಲರು, ಮುಂದೆ ನೋಡುತ್ತಲೇ. "ನಿಂತಿದೀನಿ, ಒಂದ್ನಿಮಿಷ ಇರಿ."